ಎರಿಭೂತ ಕಂಡ ಅಮಾವಾಸ್ಯೆ

ಗೆಜ್ಜೆ ಸಪ್ಪಳ, ಎತ್ತಿನ ಕೊರಳಿನದು, ಒಂದು ಬಂಡಿಯದಲ್ಲ, ಅಬ್ಬಿಗೇರಿ ದಾರಿಯುದ್ದಕ್ಕೂ ಬರೀ ಗೆಜ್ಜೆ, ಬಾಡಿಗೆ ಟಂಟಂ ಗಾಡಿ ಇನ್ನೂ ಪೂರಾ ನಿಂತಿರಲಿಲ್ಲ, ಆಗಲೇ ಜಹೀದಾ ಅಂದುಕೊಂಡಳು, ಇವತ್ತು ಚಿಗರಿ ಕಂಡಂತೆಯೇ ಸೈ, ಈ ಗದ್ದಲಕ್ಕೆ ಒಂದು ಮೊಲ ಕೂಡ ಪೊದೆ ಬಿಟ್ಟು ಹೊರಗೆ ಬರುವುದಿಲ್ಲ — ಎಳ್ಳ ಅಮಾವಾಸ್ಯೆ, ಹೊಲಕ್ಕೆ ಚರಗದ ಎಡೆ ಚೆಲ್ಲುವ ದಿನ, ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಎರೆ ಹೊಲದಲ್ಲಿ ಬಂದು ಕೂತಿದೆ, ಎಲ್ಲಿ ನೋಡಿದರೂ ಸೀರೆ, ಪಟಗ, ಹುಡುಗರ ಕೂಗು. ಉಳಿದ ಅಮಾವಾಸ್ಯೆಗಳ ಲೆಕ್ಕವೇ ಬೇರೆ, ಅವತ್ತು ಯಾರೂ ಗಳೆ ಹೂಡುವುದಿಲ್ಲ, ರೋಣದ ಬಜಾರಿನಲ್ಲಿ ಗಂಡ ಖಾದರನ ಹೊಲಿಗೆ ಅಂಗಡಿಗೂ ರಜೆ, ಗಿರಾಕಿಗಳೆಲ್ಲ ಅಮಾವಾಸ್ಯೆ ಹಿಡಿಯುವವರೇ ಆದಮೇಲೆ ಸಾಬರ ಅಂಗಡಿಯೂ ಅಮಾವಾಸ್ಯೆ ಹಿಡಿಯಲೇಬೇಕಲ್ಲ, ಹೊಲಗಳು ಬಿಕೋ ಅನ್ನುವ ಆ ದಿನ ಚಿಗರಿ ಹಿಂಡು ಬದುವಿನ ತನಕ ಬಂದು ನಿಶ್ಚಿಂತೆಯಿಂದ ಕಡಲೆ ಮೇಯುತ್ತದೆ, ಅದಕ್ಕೇ ಮದುವೆಯಾದಾಗಿನಿಂದ ಅಮಾವಾಸ್ಯೆ ಎಂದರೆ ಈ ಮನೆಗೆ ಚಿಗರಿ ನೋಡುವ ದಿನ, ಮಂದಿ ಬಾಗಿಲಿಗೆ ಲಿಂಬೆಹಣ್ಣು ಕಟ್ಟಿದರೆ ಇವರು ಮಕ್ಕಳನ್ನು ಕಟ್ಟಿಕೊಂಡು ಎರಿ ಹೊಲದ ದಾರಿ ಹಿಡಿಯುತ್ತಾರೆ ಎಂದು ಓಣಿಯವರು ನಗುತ್ತಿದ್ದರು, ನಗಲಿ ಬಿಡು, ನಕ್ಕವರ ಹಲ್ಲು ಕಾಣುತ್ತವೆ. ಈಗ ಖಾದರ ಇಳಿಯುತ್ತಿದ್ದಾನೆ, ಒಂದು ಕಾಲು ಕೆಳಗೆ ಬಿಟ್ಟು ನೆಲ ಹುಡುಕುತ್ತಾನೆ, ಗಾಡಿ ಭಾಳ ಎತ್ತರ ಐತಲ್ಲೋ ತಮ್ಮಾ ಎಂದು ಟಂಟಂನವನಿಗೆ ನಗುತ್ತ ಹೇಳುತ್ತಾನೆ, ಗಾಡಿ ಎತ್ತರವೇನೂ ಇಲ್ಲ, ಜಹೀದಾ ಬುರ್ಖಾದ ತುದಿ ಎತ್ತಿಕೊಳ್ಳುವವಳಂತೆ ಬಗ್ಗಿ ಅವನ ಕಾಲಿನ ಹತ್ತಿರ ಚಪ್ಪಲಿ ಸರಿಸಿದಳು, ಮಕ್ಕಳು ನೋಡಲಿಲ್ಲ, ದೊಡ್ಡವಳು ಯಾಸ್ಮಿನ ಆ ಕಡೆ ತಿರುಗಿ ತಂಗಿಯ ವೇಲು ಸರಿಮಾಡುತ್ತಿದ್ದಳು, ಸದ್ಯ ನೋಡಲಿಲ್ಲ.

ಆ ಮೊದಲನೇ ಅಮಾವಾಸ್ಯೆ, ಆಗ ಇವಳು ನರಗುಂದದಿಂದ ಬಂದ ಹೊಸ ಮದುಮಗಳು, ಕೈಯ ಮೆಹಂದಿ ಇನ್ನೂ ಮಾಸಿರಲಿಲ್ಲ, ಅತ್ತೆ ರಹಿಮತಬಿ ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಳು, ಹೊಸಾ ಸೊಸೀನ್ನ ದರ್ಗಾಕ ಕರಕೊಂಡು ಹೋಗೂದು ಬಿಟ್ಟು ಅಡವ್ಯಾಗಿನ ಚಿಗರಿ ತೋರಸಾಕ ಒಯ್ತಾನಲ್ಲ, ಇಂವ ಎಂಥಾಂವ ಹುಟ್ಯಾನೋ — ಖಾದರ ಗಾಡಿಯ ಕಿಕ್ ಒದ್ದೇ ಬಿಟ್ಟ, ಎಂ-ಏಯ್ಟಿ, ಹಿಂದೆ ಕೂತವಳಿಗೆ ಹಲ್ಲು ಕಟಕಟ, ಇದೇ ಬದು, ಇದೇ ಬನ್ನಿ ಗಿಡ, ಅಲ್ಲಿ ನೋಡು ಅಂದ, ಎಲ್ಲಿ ಅಂದಳು, ಕಾಲುವೆ ಸೀಮೆಯಲ್ಲಿ ಬೆಳೆದವಳಿಗೆ ಹಸಿರು ಗೊತ್ತು, ನೀರು ಗೊತ್ತು, ಗುಡ್ಡದ ಮೇಲೆ ಕೂಗುವ ನವಿಲು ಗೊತ್ತು, ಈ ಬಟಾಬಯಲು ಕರೀ ನೆಲದಲ್ಲಿ ಏನಂತ ನೋಡಬೇಕು, ಮಣ್ಣೇ ಕಾಣುತ್ತದೆ, ಮಾತಾಡಬ್ಯಾಡ ಎಂದು ಅವನು ಕೈ ಉದ್ದಕ್ಕೆ ಚಾಚಿ ಬೆರಳು ನೆಟ್ಟಗೆ ಹಿಡಿದು ನಿಂತ, ನನ್ನ ಹಿಂದ ನಿಂತು ತೋಳಿನ ಗುಂಟ ನೋಡು. ಅವಳು ನಾಚಿ ನಾಚಿ ಅವನ ಹೆಗಲಿಗೆ ಕೆನ್ನೆ ತಾಗುವಷ್ಟು ಹತ್ತಿರ ನಿಂತಳು, ಅಂಗಿಗೆ ಗಂಜಿಯ ವಾಸನೆ, ಹೊಲಿಗೆ ಸೀಮೆಸುಣ್ಣದ ವಾಸನೆ, ತೋಳಿನ ಗುಂಟ, ಬೆರಳಿನ ತುದಿಯಾಚೆ, ಮಣ್ಣು ಎದ್ದು ನಿಂತಂತೆ ಒಂದು ಕರೀ ಬೆನ್ನು, ಬೆಳ್ಳಗಿನ ಹೊಟ್ಟೆ, ತಿರುಚಿದ ಕೋಡು, ಅದರ ಸುತ್ತ ಕಂದು ಬಣ್ಣದ ಹೆಣ್ಣುಗಳು, ಒಂದು ಸಲ ಕಂಡಮೇಲೆ ಎಲ್ಲೆಲ್ಲೂ ಅವೇ, ಇಷ್ಟು ಹೊತ್ತು ಎಲ್ಲಿದ್ದವು ಇವು, ಅವಳಿಗೆ ಕೂಗಬೇಕೆನ್ನಿಸಿತು, ಕೂಗುವಂತಿಲ್ಲ, ಅದಕ್ಕೆ ಅವನ ಬೆನ್ನನ್ನು ಅಂಗೈಯಿಂದ ಒಮ್ಮೆ ಮೆತ್ತಗೆ ಬಡಿದಳು, ಕಂಡವು ಎಂದು. ಆಗ ಕೈ ಇಳಿಸಿದ. ಅಂದಿನಿಂದ ಅದೇ ರೂಢಿ ಬಿತ್ತು, ಎರಿಯಲ್ಲಿ ಮಾತಿಲ್ಲ, ಕಂಡವರು ಬಟ್ಟು ಮಾಡಿ ನಿಲ್ಲಬೇಕು, ಉಳಿದವರು ಒಬ್ಬೊಬ್ಬರಾಗಿ ತೋಳಿನ ಹಿಂದೆ ಬಂದು ನೋಡಬೇಕು, ಕಂಡಮೇಲೆ ಬೆನ್ನು ಬಡಿಯಬೇಕು, ಎಲ್ಲರೂ ಬಡಿಯುವ ತನಕ ಕೈ ಕೆಳಗಿಳಿಸುವಂತಿಲ್ಲ. ಯಾಸ್ಮಿನ ಹುಟ್ಟಿದಳು, ಮಾತು ಕಲಿಯುವ ಮೊದಲೇ ಅಬ್ಬಾನ ಬೆನ್ನು ಬಡಿಯುವುದು ಕಲಿತಳು, ಆಮೇಲೆ ನಿಲೋಫರ, ಅವಳು ಕಂಡರೂ ಬಡಿಯುತ್ತಿರಲಿಲ್ಲ, ಅಬ್ಬಾನ ಕೈ ನೋಯಲಿ ಎಂದು ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು, ಕಳ್ಳಿ, ಖಾದರನೂ ಕೈ ನಡುಗಿಸುತ್ತ ಸೋತವನಂತೆ ನಟಿಸುತ್ತಿದ್ದ, ಬದುವಿನಲ್ಲಿ ಗೌಜಲ ಹಕ್ಕಿ ಮರಿ ಕಟ್ಟಿಕೊಂಡು ಓಡಿದ್ದು, ಹಳ್ಳದ ದಂಡೆಯಲ್ಲಿ ಒಂದು ಸಂಜೆ ತೋಳ ತಿರುಗಿ ಇವರನ್ನು ನೋಡಿ ತನ್ನ ಪಾಡಿಗೆ ತಾನು ಹೋದದ್ದು, ಎತ್ತಿನ ಹೆಜ್ಜೆ ಗುಂಡಿಯಲ್ಲಿ ಬಾನಾಡಿಯ ಗೂಡು, ಎಲ್ಲ ಆ ತೋಳಿನ ಗುಂಟವೇ ಕಂಡದ್ದು. ಕಾಣದೆ ಉಳಿದದ್ದು ಒಂದೇ, ಎರಿಭೂತ, ಆಳು ನಿಂತಂತೆ ಕಾಣುವ ದೊಡ್ಡ ಹಕ್ಕಿ, ಬೆಳ್ಳಗಿನ ಕುತ್ತಿಗೆ, ತಲೆಗೆ ಕರೀ ಟೊಪ್ಪಿಗೆ, ಖಾದರನ ಅಪ್ಪ ಮೆಹಬೂಬಸುಭಾನಿ ಹುಡುಗನಿದ್ದಾಗ ಇದೇ ಹೊಲಗಳಲ್ಲಿ ನೋಡಿದ್ದನಂತೆ, ಆಮೇಲೆ ಯಾರೂ ನೋಡಿಲ್ಲ, ಸಾಯೂದರಾಗ ಒಮ್ಮೆ ನೋಡಬೇಕ ಅನ್ನುತ್ತಿದ್ದ ಖಾದರ, ಅದೊಂದೇ ಅವನ ಆಸೆ, ಮತ್ತೇನೂ ಕೇಳಿದವನಲ್ಲ.

ಸೂಜಿಗೆ ದಾರ ಪೋಣಿಸಲು ತಡವಾಗತೊಡಗಿದಾಗ ಯಾರಿಗೂ ಏನೂ ಅನ್ನಿಸಲಿಲ್ಲ, ದರ್ಜಿಗೆ ವಯಸ್ಸಾದರೆ ಚಾಳೀಸು ಬರುತ್ತದೆ, ಆಮೇಲೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವುದು, ಪಕ್ಕದಲ್ಲಿ ಇಟ್ಟ ಚಹಾದ ಬಟ್ಟಲು ಕೈ ತಾಗಿ ಉರುಳುವುದು, ಪೊರಿ ಬಂದಿರಬೇಕು ಬಿಡು, ರಹಿಮತಬಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ತೆಗೆಸಿಕೊಂಡು ಈಗ ಜ್ವಾಳದಲ್ಲಿನ ಹರಳು ಆರಿಸುತ್ತಾಳೆ, ಅವಳದು ಒಂದೇ ಮಾತು, ಹಸಿಗಾಯಿ ಇದ್ದಾಗ ಕಿತ್ತರ ಕಣ್ಣ ಹೋಕ್ಕೈತಿ, ಪೊರಿ ಹಣ್ಣಾಗಲಿ, ಹಣ್ಣಾದ ಮ್ಯಾಲೆ ತಗಸೂಣು. ಎಲ್ಲರೂ ಹೂಂ ಅಂದರು, ಖಾದರ ಹೂಂ ಅಂದ, ಜಹೀದಾ ಕೂಡ ಹೂಂ ಅಂದಳು, ಓಣಿಯಲ್ಲಿ ಯಾರ ಪೊರೆಯನ್ನು ಹಸಿಯಾಗಿದ್ದಾಗ ತೆಗೆದಿದ್ದಾರೆ ಹೇಳು, ಒಂದು ಮುಂಗಾರಿ ಹೋಯಿತು, ಹಿಂಗಾರಿ ಹೋಯಿತು, ಹಣ್ಣಾಗಲಿ, ಇನ್ನಷ್ಟು ಹಣ್ಣಾಗಲಿ, ಮಾವಿನಕಾಯಿ ಹುಲ್ಲಿನಲ್ಲಿಟ್ಟು ಕಾಯುವಂತೆ ಕಾದರು — ಹುಬ್ಬಳ್ಳಿಯ ಡಾಕ್ಟರು ದೀಪ ಹಿಡಿದು ನೋಡಿ, ಇದು ಪೊರೆಯಲ್ಲಮ್ಮಾ ಅಂದರು, ಕಣ್ಣೊಳಗೆ ಒತ್ತಡ ಹೆಚ್ಚಿ ನರ ಒಣಗಿದೆ, ಹೋದದ್ದು ಹೋಯಿತು, ಅದು ಮರಳುವುದಿಲ್ಲ, ಉಳಿದದ್ದನ್ನು ಎಷ್ಟು ದಿನ ಹಿಡಿದಿಡಲು ಆಗುತ್ತದೋ ನೋಡೋಣ, ಮೊದಲೇ ಯಾಕೆ ಬರಲಿಲ್ಲ ಎಂದು ಕೇಳಿದರು, ಹಣ್ಣಾಗಲೆಂದು ಕಾದೆವು ಎಂದು ಯಾವ ಬಾಯಿಂದ ಹೇಳುವುದು, ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಬರುವಾಗ ಬಸ್ಸು ನರಗುಂದಕ್ಕೆ ಬಂತು, ಅವಳ ತವರಿನ ಗುಡ್ಡ ಕಿಟಕಿಯ ತುಂಬ ತುಂಬಿಕೊಂಡಿತ್ತು, ಬಿಸಿಲಿಗೆ ಕಲ್ಲು ಕಲ್ಲು ಎಣಿಸುವ ಹಾಗೆ, ಕಿಟಕಿಗೆ ಕೂತ ಖಾದರ ಕೇಳಿದ, ಗುಡ್ಡಾ ಬಂತೇನ. ಜಹೀದಾ ಬಂತು ಅಂದಳು, ಅಷ್ಟೇ ಅಂದಳು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು, ಆಗ ಅವನು ಅವಳ ಕೈ ಹಿಡಿದು ಮೆತ್ತಗೆ ಹೇಳಿದ್ದು ಒಂದೊಂದು ಅಕ್ಷರವೂ ನೆನಪಿದೆ, ಮಕ್ಕಳಿಗೆ ಈಗ ಗೊತ್ತಾಗೂದು ಬ್ಯಾಡ ಜಹೀದಾ, ಯಾಸ್ಮಿನ ಮ್ಯಾಟ್ರಿಕ್ ಮುಗೀಲಿ, ಅವರ ಮುಂದ ಬೇಕಾದ್ದ ಸುಳ್ಳ ಹೇಳು, ನನ್ನ ಮುಂದ ಮಾತ್ರ ಹೇಳಬ್ಯಾಡ, ಇನ್ನ ಮ್ಯಾಲೆ ನಿನ್ನ ಕಣ್ಣಿಲೆ ನೋಡಾಂವ ನಾನು, ಇಲ್ಲದ್ದನ್ನ ಐತಿ ಅಂದಿ ಅಂದ್ರ ಆವತ್ತ ನಾ ಖರೇನ ಕುರುಡ ಆದೆ. ಇಲ್ರಿ, ಎಂದಿಗೂ ಹೇಳೂದಿಲ್ರಿ ಎಂದು ಅವಳು ಮಾತು ಕೊಟ್ಟಳು. ಆ ಮಾತಿನ ಮೇಲೆಯೇ ಮನೆ ನಡೆದಿದೆ, ಅಂಗಡಿ ನಡೆದಿದೆ, ಅವನು ಕೈಯಳತೆಯಲ್ಲಿ ಬಟ್ಟೆ ಕತ್ತರಿಸುತ್ತಾನೆ, ಅವಳು ಪಕ್ಕದಲ್ಲಿ ಕೂತು ಸೀಮೆಸುಣ್ಣದ ಗೀರು ಎಳೆಯುತ್ತಾಳೆ, ಕತ್ತರಿ ಸೊಟ್ಟ ಹೋದರೆ ಸೊಟ್ಟ ಹೋಗಿದೆ ಎಂದೇ ಹೇಳುತ್ತಾಳೆ. ಅಮಾವಾಸ್ಯೆಗೂ ಹಾಗೆಯೇ, ಅವನು ಕೈ ಎತ್ತುತ್ತಾನೆ, ಎಲ್ಲರಿಗಿಂತ ಮೊದಲು ಇವಳು ಹಿಂದೆ ಹೋಗಿ ನಿಲ್ಲುತ್ತಾಳೆ, ಮೊಣಕೈ ಕೆಳಗೆ ಒಂದು ಬೆರಳಿಟ್ಟು ಚಿಗರಿ ಇದ್ದ ಕಡೆಗೆ ತೋಳನ್ನು ಸಾವಕಾಶ ತಿರುಗಿಸುತ್ತಾಳೆ, ಏನೂ ಇಲ್ಲದಿದ್ದರೆ ಮೊಣಕೈಯನ್ನು ಕೆಳಗೆ ಜಗ್ಗುತ್ತಾಳೆ, ಅವನು ಓಡಿಹೋದವು ನೋಡ್ರಿ ಎಂದು ಮಕ್ಕಳಿಗೆ ಹೇಳುತ್ತಾನೆ. ಸೂಜಿಯ ಕಣ್ಣಿನಷ್ಟು ಉಳಿದಿದೆಯಂತೆ ನೋಟ, ಅಷ್ಟರಲ್ಲಿ ಚಿಗರಿ ಹಿಡಿಸೀತೇ. ಹಿಡಿಸುವುದಿಲ್ಲ.

ಇವತ್ತು ಟಂಟಂ ಇಳಿದು ಬರುತ್ತಿದ್ದಂತೆ ಗೋಣೆಪ್ಪ ಬನ್ನಿ ಗಿಡದ ಬುಡದಿಂದಲೇ ಕೈಬೀಸಿ ಕರೆದ, ಬರ್ರಿ ಖಾದರಸಾಬ್ರ, ಬಾರವ್ವಾ ತಂಗಿ, ಈ ಹೊಲದ ಮಾಲೀಕ, ಖಾದರನ ಹಳೇ ಗಿರಾಕಿ, ಮದುವೆಯ ಅಂಗಿಯಿಂದ ಹಿಡಿದು ಇವತ್ತು ಮೈಮೇಲಿರುವ ಅಂಗಿಯ ತನಕ ಖಾದರನೇ ಹೊಲಿದದ್ದು, ಚಿಗರಿ ನೋಡಲು ಬದುವಿನ ಮೇಲೆ ಓಡಾಡುವ ಇವರನ್ನು ಯಾಕೆ ಏನು ಎಂದು ಒಂದು ದಿನ ಕೇಳಿದವನಲ್ಲ. ಅವನ ಹೆಂಡತಿ ರೇಣುಕವ್ವ ಎಲೆ ಹಾಸಿದಳು, ಸಜ್ಜಿ ರೊಟ್ಟಿ, ಎಣ್ಣಿಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಗಾಳಿಗೆ ಎಲೆಯ ತುದಿ ಹಾರುತ್ತಿತ್ತು, ಜಹೀದಾ ಗಂಡನ ಎಡಕ್ಕೆ ಕೂತು ರೇಣುಕವ್ವನ ಜೊತೆ ಮಾತಾಡುವ ನೆಪದಲ್ಲಿ ಪಲ್ಲೆ ಎಲ್ಲಿದೆ ಚಟ್ನಿ ಎಲ್ಲಿದೆ ಎಂಬುದನ್ನೆಲ್ಲ ಬಾಯಲ್ಲೇ ತೋರಿಸುತ್ತಿದ್ದಳು, ಈ ಬಲಕ್ಕಿಟ್ಟ ಎಣ್ಣಿಗಾಯಿ ಭಾಳ ಚಲೋ ಆಗೇತಿ ಅಕ್ಕಾ, ಖಾದರನ ಕೈ ಬಲಕ್ಕೆ ಹೋಯಿತು, ಇಷ್ಟು ದಿನದಲ್ಲಿ ಈ ಆಟ ಅವಳಿಗೆ ಉಸಿರಿನಷ್ಟೇ ರೂಢಿಯಾಗಿದೆ, ನೀರಿನ ತಂಬಿಗೆ ಒಂದನ್ನು ಮರೆತಿದ್ದಳು, ಅಷ್ಟರಲ್ಲಿ ಯಾಸ್ಮಿನ ಅಬ್ಬಾನ ಬೆರಳಿಗೆ ತಾಗುವಂತೆ ತಂಬಿಗೆ ಸರಿಸಿ ಏನೂ ಆಗಿಲ್ಲ ಎನ್ನುವ ಹಾಗೆ ರೊಟ್ಟಿ ಮುರಿದಳು, ಒಳ್ಳೆಯ ಹುಡುಗಿ, ಹೇಳದೆಯೇ ಮಾಡುತ್ತಾಳೆ ಎಂದುಕೊಂಡಳೇ ಹೊರತು ಅದರಾಚೆ ಯೋಚನೆ ಹೋಗಲಿಲ್ಲ, ಯಾಕೆ ಹೋಗಲಿಲ್ಲ, ಕಣ್ಣಿದ್ದವರು ಕಾಣುವುದೂ ಅಷ್ಟರಲ್ಲೇ ಇದೆ. ಗೋಣೆಪ್ಪ ಚಿಗರಿಯನ್ನು ಬೈಯುತ್ತಿದ್ದ, ಕಡ್ಲಿ ಎಲ್ಲಾ ಬೋಳಿಸಿ ಹೋಗ್ಯಾವ್ರಿ, ಬೈದು ಬೈದು ಕಡೆಗೆ ತಾನೇ ಅವುಗಳ ವಕೀಲನಾದ, ಏನ ಮಾಡೂದು, ಅವೂ ಹೊಟ್ಟಿ ತಂದಾವ. ಕೈ ತೊಳೆದುಕೊಂಡು ಖಾದರ ಎದ್ದು, ಒಂದ ಸುತ್ತ ಹಳ್ಳದ ತನಕ ಹೋಗಿ ಬರೂಣು ಅಂದ. ಇವತ್ಯಾಕ್ರಿ, ಇಷ್ಟ ಮಂದಿಯಾಗ ಏನ ಕಾಣತೈತಿ ಎಂದು ಜಹೀದಾ ಅಂದಳು, ಅವನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿಕೊಂಡೇ ಹೊರಟ, ಈಗ ಅನ್ನಿಸುತ್ತದೆ, ಕೇಳಿಸಿಕೊಂಡೇ ಹೊರಟಿದ್ದ. ನಿಲೋಫರ ಅಬ್ಬಾನ ಕಿರುಬೆರಳು ಹಿಡಿದುಕೊಂಡಿದ್ದಳು, ಗುಂಡಿ ಬಂದಲ್ಲಿ ಜಿಗಿ ಅಬ್ಬಾ ಅಂತ ತಾನೂ ಜಿಗಿಯುತ್ತಿದ್ದಳು, ಆಟ ಎಂದುಕೊಂಡಳು ತಾಯಿ.

ಬದುವಿನ ಜಾಲಿ ಮುಳ್ಳು ಚಪ್ಪಲಿ ದಾಟಿ ಹಿಮ್ಮಡಿಗೆ ನಟ್ಟಿತು, ರೇಣುಕವ್ವ ಕಟ್ಟಿಕೊಟ್ಟ ಹೋಳಿಗೆಯ ಗಂಟನ್ನು ಕೆಳಗಿಟ್ಟು ಜಹೀದಾ ಕೂತಳು, ಕೀಳಲು ಹೋದರೆ ಮುರಿಯಿತು, ಸೊಂಟದ ಪಿನ್ನಿನಿಂದ ಕೆದಕಿ ಕೆದಕಿ ತೆಗೆದು ತಲೆ ಎತ್ತುತ್ತಾಳೆ — ಅವರು ಆಗಲೇ ಹಳ್ಳದ ದಿಬ್ಬದ ಮೇಲೆ, ಖಾದರ ನಿಂತುಬಿಟ್ಟಿದ್ದಾನೆ, ಕೈ ಎತ್ತಿದ್ದಾನೆ. ಅವಳಿಲ್ಲದೆ, ಮೊಣಕೈಗೆ ಅವಳ ಬೆರಳಿಲ್ಲದೆ, ಕಡಲೆ ಹೊಲದ ಕಡೆಗೆ ಬೆರಳು ನೆಟ್ಟಗೆ ಹಿಡಿದು. ಓಡಬೇಕೆಂದು ಎದ್ದಳು, ಅಷ್ಟರಲ್ಲಿ ಎರಿಯ ರೂಢಿ ಮುರಿದು ಅವನು ಪಿಸುಗುಟ್ಟಿದ, ಗಾಳಿ ಈ ಕಡೆಗೇ ಬೀಸುತ್ತಿತ್ತು, ಮಾತು ಸ್ಪಷ್ಟ ಕೇಳಿಸಿತು, ಎರಿಭೂತ, ಅಂದ. ದೇವರೇ, ಸೂಜಿಯ ಕಣ್ಣಿನಷ್ಟು ಉಳಿದದ್ದರಲ್ಲಿ ಅದೇ ಹಕ್ಕಿ ಬಂದು ನಿಂತಿತೇ, ಕೊಡುವವನು ಹಾಗೂ ಕೊಡಬಲ್ಲ, ಕಣ್ಣು ಕಿತ್ತುಬರುವ ಹಾಗೆ ಆ ಕಡೆ ನೋಡಿದಳು, ಕಡಲೆ, ಬರೀ ಕಡಲೆ, ಮೊಣಕಾಲುದ್ದವೂ ಇಲ್ಲದ ಪೈರು, ಹಕ್ಕಿ ಅಡಗಲು ಒಂದು ಗಿಡವಿಲ್ಲ ಒಂದು ಕಲ್ಲಿಲ್ಲ, ಆಚೆ ಬದುವಿನಲ್ಲಿ ಯಾರದೋ ಬಂಡಿ, ಪದ ಹೇಳುವ ಹೆಂಗಸರು, ಏನೂ ಇಲ್ಲ, ಅಲ್ಲಿ ಏನೂ ಇಲ್ಲ. ಈಗ ಮಕ್ಕಳು ಎಲ್ಲಿ ಅಬ್ಬಾ ಅನ್ನುತ್ತಾರೆ, ಏನೂ ಕಾಣವಲ್ದಲ್ಲ ಅನ್ನುತ್ತಾರೆ, ಎಲ್ಲ ಮುಗಿಯಿತು ಎಂದುಕೊಂಡಳು, ಮೊದಲು ಯಾಸ್ಮಿನ ಹೋದಳು, ಅಬ್ಬಾನ ಹಿಂದೆ ನಿಂತಳು, ತೋಳಿನ ಗುಂಟ ನೋಡಿದಳು, ನೋಡುತ್ತ ನೋಡುತ್ತ ಒಂದು ಬೆರಳನ್ನು ಅವನ ಮೊಣಕೈ ಕೆಳಗೆ ಇಟ್ಟಳು — ಅದೇ ಜಾಗಕ್ಕೆ, ಜಹೀದಾ ಇಡುವ ಜಾಗಕ್ಕೇ, ಜಾರುತ್ತಿದ್ದ ತೋಳನ್ನು ಎತ್ತಿ ಹಿಡಿಯಲು, ಆಮೇಲೆ ಬೆನ್ನು ಬಡಿದಳು. ನಿಲೋಫರ ಬಂದಳು, ತುದಿಗಾಲಲ್ಲಿ ನಿಂತು ನೋಡಿದಳು, ಬೆನ್ನು ಬಡಿದಳು, ಸತಾಯಿಸಲಿಲ್ಲ, ಹಿಂದಿನಂತೆ ಬಾಯಿ ಮುಚ್ಚಿಕೊಂಡು ನಗಲಿಲ್ಲ, ಕುತ್ತಿಗಿ ಬೆಳ್ಳಗೈತಿ ಅಬ್ಬಾ ಎಂದು ಮೆಲ್ಲಗೆ ಹೇಳಿದಳು. ಗೊತ್ತಿದೆ. ಇಬ್ಬರಿಗೂ ಗೊತ್ತಿದೆ, ಯಾವಾಗಿನಿಂದಲೋ ಗೊತ್ತಿದೆ, ತಂಬಿಗೆ ಸರಿಸಿದ್ದು, ಗುಂಡಿ ಬಂದಾಗ ಜಿಗಿ ಅಂದದ್ದು, ಟಂಟಂ ಹತ್ತಿರ ಆ ಕಡೆ ಮುಖ ಮಾಡಿ ನಿಂತದ್ದು, ತಾನು ಮಕ್ಕಳಿಂದ ಮುಚ್ಚಿಡುತ್ತಿದ್ದರೆ ಮಕ್ಕಳು ತನ್ನಿಂದ ಮುಚ್ಚಿಟ್ಟಿದ್ದರು, ಇನ್ನೂ ಎಂಟು ತುಂಬದ ಹುಡುಗಿ, ಎಲ್ಲಿ ಕಲಿತಳು ಇದನ್ನು. ಖಾದರನ ಕೈ ಇನ್ನೂ ಮೇಲೆಯೇ ಇದೆ, ಎಲ್ಲರೂ ಬಡಿಯುವ ತನಕ ಇಳಿಸುವಂತಿಲ್ಲ, ಅವಳದು ಬಾಕಿ. ಹೋಗಿ ಮೊಣಕೈ ಕೆಳಗೆ ಜಗ್ಗಬೇಕು, ಏನೂ ಇಲ್ಲ ಎಂದು ಹೇಳಬೇಕು, ಬಸ್ಸಿನಲ್ಲಿ ಕೊಟ್ಟ ಮಾತು ಅದು, ಜಗ್ಗಿದರೆ ಎರಡೂ ಮಕ್ಕಳ ಸುಳ್ಳು ಅವನ ಮುಂದೆ ಬಯಲಾಗುತ್ತದೆ, ಅವರಿಗೆ ಗೊತ್ತಿದೆ ಎಂಬುದು ಅವನಿಗೆ ಗೊತ್ತಾಗುತ್ತದೆ, ಜಗ್ಗದಿದ್ದರೆ — ಹತ್ತಿರ ಹೋದಳು, ಅಂಗಿಗೆ ಅದೇ ಗಂಜಿಯ ವಾಸನೆ, ಯಾಸ್ಮಿನ ಅವಳನ್ನೇ ನೋಡುತ್ತಿದ್ದಳು, ಹೇಳಬ್ಯಾಡ ಅಮ್ಮಾ ಎಂದು ಕಣ್ಣಲ್ಲೇ ಬೇಡುತ್ತಿದ್ದಳು, ಹೆತ್ತ ಹೊಟ್ಟೆ ಏನು ಮಾಡೀತು, ಜಹೀದಾ ಅಂಗೈಯಿಂದ ಅವನ ಬೆನ್ನನ್ನು ಒಮ್ಮೆ ಮೆತ್ತಗೆ ಬಡಿದಳು. ಕೈ ಇಳಿಯಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ಹಿಡಿದಿದ್ದ, ನಡುಗುತ್ತಿತ್ತು, ಈ ಸಲದ ನಡುಕ ನಟನೆಯದಲ್ಲ, ಆಮೇಲೆ ಇಳಿಸಿದ.

ಟಂಟಂನಲ್ಲಿ ನಿಲೋಫರಳದೇ ಮಾತು, ಎಷ್ಟು ಎತ್ತರ ಇತ್ತು ಅಂದರೆ, ತಲೆಗೆ ಕರೀ ಟೊಪ್ಪಿಗೆ ಇತ್ತು, ಹೆಜ್ಜೆ ಇಟ್ಟರೆ ರಾಜರ ಹಾಗೆ ಇಡುತ್ತಿತ್ತು, ಎಲ್ಲ ಅಬ್ಬಾನೇ ಹೇಳಿದ ಕಥೆಯ ಚೂರುಗಳು, ಅವನಿಗೇ ತಿರುಗಿ ಕೊಡುತ್ತಿದ್ದಾಳೆ, ಟಂಟಂನವನು ಖರೇ ಏನವಾ ಎಂದು ಬೆರಗಾಗುತ್ತಾನೆ, ಖಾದರ ಹೂಂ ಹೂಂ ಅನ್ನುತ್ತಾನೆ, ಮುಖದಲ್ಲಿ ನಗು ಇದೆ, ಯಾರೋ ಇಟ್ಟು ಮರೆತುಹೋದಂಥ ನಗು, ಯಾಸ್ಮಿನ ತಲೆ ಬಗ್ಗಿಸಿ ಕೂತಿದ್ದಾಳೆ, ಮಾರ್ಚಿಗೆ ಪರೀಕ್ಷೆ, ಇವಳು ಪುಸ್ತಕ ಹಿಡಿದು ಕೂತ ರಾತ್ರಿಗಳಲ್ಲಿ ಏನು ಓದಿದಳೋ ಏನು ಅತ್ತಳೋ, ಮನೆಗೆ ಹೋದಮೇಲೆ ತಬ್ಬಿಕೊಳ್ಳಬೇಕು, ಎಲ್ಲ ಹೇಳಿಬಿಡಬೇಕು, ಏನಂತ ಹೇಳಬೇಕು, ಎತ್ತಿದ ಕೈ, ದಿಬ್ಬದ ಮೇಲೆ, ಕಣ್ಣು ಮುಚ್ಚಿದರೂ ಅದೇ, ರಾತ್ರಿಗೆ ಸಾರು ಬಿಸಿಮಾಡಿದರೆ ಸಾಕು, ರೊಟ್ಟಿ ಇವೆ, ಹೋಳಿಗೆಯ ಗಂಟು ಎಲ್ಲಿ, ಬದುವಿನ ಮೇಲೆಯೇ ಬಿಟ್ಟು ಬಂದಳೇ, ಬಿಟ್ಟು ಬಂದಳು, ಇರುವೆ ತಿನ್ನಲಿ, ಎತ್ತಿದ ಕೈ, ಅದರ ಹಿಂದೆ ಒಬ್ಬೊಬ್ಬರಾಗಿ ಮೂವರು. ಗಾಡಿಯ ಸಪ್ಪಳದಲ್ಲಿ ಮಕ್ಕಳಿಗೆ ಕೇಳದಂತೆ ಅವನು ಅವಳ ಕಿವಿಯ ಹತ್ತಿರ ಬಗ್ಗಿದ. ನಾ ಬೇಕಂತನ ಮಾಡಿದ್ದೆ ಜಹೀದಾ, ಅಂದ. ಈ ಗದ್ದಲದಾಗ ಎರಿಭೂತ ಎಲ್ಲಿಂದ ಬರಬೇಕ. ಹುಡುಗ್ಯಾರಿಗೆ ಗೊತ್ತೈತಿ ಅಂತ ಭಾಳ ದಿನದಿಂದ ಸಂಶೆ ಇತ್ತು, ಇಲ್ಲದ್ದನ್ನ ತೋರಸಿ ನೋಡಿದೆ, ಗೊತ್ತಾತು, ಆಗಲಿ, ಅವು ಮಕ್ಕಳು, ನನ್ನ ಸಲವಾಗಿ ಸುಳ್ಳ ಹೇಳಿದ್ವು. ಬೇಸರವಿಲ್ಲ ದನಿಯಲ್ಲಿ, ಸಿಟ್ಟೂ ಇಲ್ಲ, ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು, ರೋಣ ಹತ್ತಿರ ಬಂತು, ಮಿಲ್ಲಿನ ಸಪ್ಪಳ ಕೇಳಿಸುತ್ತಿದೆ, ಅವನಿಗೂ ಕೇಳಿಸಿರಬೇಕು, ಊರು ಬಂತೇನ ಎಂದು ಅವಳನ್ನು ಕೇಳುವ ಜಾಗ ಇದು, ಎಂದೂ ಕೇಳುತ್ತಿದ್ದ, ಕೇಳಲಿಲ್ಲ, ಅವಳ ಎದುರು ಕೂತ ಯಾಸ್ಮಿನಳನ್ನೂ ಕೇಳಲಿಲ್ಲ, ತನ್ನ ಕೈಯನ್ನೇ ಹೊರಗೆ ಚಾಚಿ ಗಾಳಿ ಹಿಡಿದು ನೋಡಿದ. ಆಮೇಲೆ ಅಂದ, ಮೂರನೇದ್ದು ನಿನ್ನ ಕೈ ಅಲ್ಲೇನ. ಅಲ್ಲ ಅನ್ನಲೇ, ಮೊದಲ ಅಮಾವಾಸ್ಯೆಯಿಂದ ಬಡಿಸಿಕೊಂಡ ಕೈ, ಬೆನ್ನಿಗೆ ಗುರುತು ಇರುವುದಿಲ್ಲವೇ, ಮಕ್ಕಳ ಮುಖ ನೋಡಿ ಬಡಿದೆ ಅನ್ನಲೇ, ನಿಮ್ಮ ಮನಸ್ಸು ನೋಯಬಾರದೆಂದು ಅನ್ನಲೇ, ಒಂದೇ ಸಲ, ಇದೊಂದೇ ಸಲ ಅನ್ನಲೇ, ನಾಳೆ ಗೀರು ನೆಟ್ಟಗಿದೆ ಎಂದರೆ ಅವನು ಹೇಗೆ ನಂಬಬೇಕು, ಸೊಟ್ಟ ಇದೆ ಎಂದರೆ ಹೇಗೆ ನಂಬಬೇಕು, ಗುಡ್ಡ ಬಂತು ಎಂದರೆ, ಕಣ್ಣೆದುರು ಬಂದದ್ದು ಅದೊಂದೇ, ದಿಬ್ಬದ ಮೇಲೆ ಅವನು, ಗಾಳಿಗೆ ಹಾರುವ ಅಂಗಿಯ ತೋಳು, ಅವಳು ಬಡಿದ ಮೇಲೂ ಇಳಿಯದೆ ಇನ್ನೂ ಸ್ವಲ್ಪ ಹೊತ್ತು, ಅವಳು ಈಗಲಾದರೂ ಜಗ್ಗಿಯಾಳು ಎಂದು, ಏನೂ ಇಲ್ಲ ಅಂದಾಳು ಎಂದು, ಖಾಲಿ ಕಡಲೆ ಹೊಲದ ಮೇಲೆ ನಡುಗುತ್ತ ಕಾಯುತ್ತಿದ್ದ ಆ ಕೈ, ಆ ಕೈ, ಎತ್ತಿದ ಆ ಕೈ